ತೊಂಬತ್ತಾರನೇ ಗಂಟು

ನಲವತ್ತೊಂದು.

ತನಿಖಾಧಿಕಾರಿ ಚಿಮಟ ಕೆಳಗಿಟ್ಟು ಕಣ್ಣುಜ್ಜಿಕೊಂಡಳು. ಮತ್ತೆ ಮೊದಲಿಂದ ಎಣಿಸಿದಳು. ಮತ್ತೂ ನಲವತ್ತೊಂದೇ.

ಮೇಜಿನ ಮೇಲಿದ್ದ ಸುಟ್ಟ ಕೇಬಲ್ಲಿನ ಹೊಟ್ಟೆಯಲ್ಲಿ ಕೂದಲಿನಷ್ಟು ತೆಳ್ಳಗಿನ ತಾಮ್ರದ ಎಳೆಗಳು ಐವತ್ತಾರು ಇರಬೇಕಿತ್ತು. ಹದಿನೈದು ಕಡಿದುಹೋಗಿದ್ದವು. ಅವನ್ನು ತಿಂದದ್ದು ಬೆಂಕಿಯಲ್ಲ. ಕಡಿದ ಬಾಯಿ ಚೂಪಾಗಿತ್ತು, ಭೂತಗನ್ನಡಿಯಡಿ ಚಾಕುವಿನ ಗುರುತು ನಿಚ್ಚಳವಾಗಿ ಕಾಣುತ್ತಿತ್ತು. ಹೊದಿಕೆ ಸುಲಿಯುವಾಗ ಯಾರೋ ಚಾಕುವನ್ನು ತೀರಾ ಆಳಕ್ಕೆ ಒತ್ತಿದ್ದರು.

ಬೀಜ ಭಂಡಾರಕ್ಕೆ ಬೆಂಕಿ ಬಿದ್ದು ಅಂದಿಗೆ ಒಂಬತ್ತು ದಿನ. ಮೂವತ್ತು ವರ್ಷ ಅದನ್ನು ಕಾಯ್ದ ಬೀಜಕ್ಕ ಉರಿಯುವ ಬಾಗಿಲಲ್ಲಿ ನಾಲ್ಕು ಸಲ ಒಳಹೊಕ್ಕು ಪೆಟ್ಟಿಗೆಗಳನ್ನು ಹೊರಗೆಳೆದಿದ್ದಳು. ಈಗ ಎರಡೂ ಕೈಗೆ ಪಟ್ಟಿ ಸುತ್ತಿಸಿಕೊಂಡು ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿದ್ದಳು.

ಬೆಂಕಿ ಹುಟ್ಟಿದ ಜಾಗದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ತಾರಸಿಯ ಮೇಲಿದ್ದ ಸೋಲಾರ್ ಪ್ಯಾನೆಲ್‌ಗಳ ತಂತಿಯಲ್ಲಿ ಒಂದು ಜಾಯಿಂಟ್ ಸಡಿಲಾಗಿ, ಕಾದು, ಕಿಡಿ ಹಾರಿಸಿತ್ತು. ಮನೆಯ ಕರೆಂಟಾದರೆ ಮೇನ್ ಆಫ್ ಮಾಡಿ ಕೈ ತೊಳೆದುಕೊಳ್ಳಬಹುದು. ನಡುಹಗಲಲ್ಲಿ ಪ್ಯಾನೆಲ್ಲಿನ ಕರೆಂಟು ನಿಲ್ಲಿಸಬೇಕೆಂದರೆ ಸೂರ್ಯನ ಸ್ವಿಚ್ಚು ಹುಡುಕಬೇಕು. ಒಮ್ಮೆ ಹತ್ತಿದ ಕಿಡಿ ಆರಲಿಲ್ಲ, ಪೈಪಿನೊಳಗಿಂದ ಕೆಳಗಿನ ಅಂತಸ್ತಿಗೆ ಇಳಿಯಿತು.

ಕಚೇರಿಯಲ್ಲಿ ತನಿಖಾಧಿಕಾರಿಯನ್ನು ಬೆನ್ನಹಿಂದೆ ಬೂದಿ ಮೇಡಂ ಅನ್ನುತ್ತಿದ್ದರು. ಅವಳಿಗೂ ಗೊತ್ತಿತ್ತು, ಬೇಸರವಿರಲಿಲ್ಲ. ಹದಿನೇಳು ವರ್ಷದಿಂದ ಸುಟ್ಟದ್ದನ್ನೇ ಜರಡಿ ಹಿಡಿದವಳಿಗೆ ಇನ್ನೇನು ಹೆಸರು ಸಿಕ್ಕೀತು?

ಆದರೆ ಈ ಸಲ ಅವಳು ಹಿಂದೆಂದೂ ಮಾಡದ ಒಂದು ಕೆಲಸ ಮಾಡಿದ್ದಳು. ಸುಟ್ಟ ಜಾಯಿಂಟಿನ ಸುತ್ತ ಕೈಗೆಟುಕುವಷ್ಟು ದೂರದಲ್ಲಿದ್ದ, ಸುಡದೆ ಉಳಿದ ಇಪ್ಪತ್ತು ಜಾಯಿಂಟುಗಳನ್ನೂ ಕತ್ತರಿಸಿ ತಂದಿದ್ದಳು. ಕೆಟ್ಟದ್ದು ಯಾಕೆ ಕೆಟ್ಟಿತು ಅಂತ ತಿಳಿಯಲು ಒಳ್ಳೆಯದು ಹೇಗೆ ನಿಂತಿತು ಅಂತ ನೋಡೋಣ ಎಂದು, ಮೂರು ದಿನದಿಂದ ಒಂದೊಂದಾಗಿ ಹನ್ನೆರಡನ್ನು ಬಿಚ್ಚಿದ್ದಳು.

ಬಿಚ್ಚುತ್ತ ಬಿಚ್ಚುತ್ತ ಅವಳ ಉಸಿರು ಮೆಲ್ಲಗಾಗಿತ್ತು.

ಪ್ರತಿಯೊಂದರಲ್ಲೂ ಐವತ್ತಾರು ಎಳೆ. ಆ ಕಡೆ ಐವತ್ತಾರು, ಈ ಕಡೆ ಐವತ್ತಾರು. ಎರಡು ಕೈಯ ಬೆರಳು ಹೆಣೆದ ಹಾಗೆ ಎಳೆಯೊಳಗೆ ಎಳೆ ಹೊಕ್ಕಿತ್ತು. ಅದರ ಮೇಲೆ ತವರ ಬಳಿದ ತಾಮ್ರದ ಕೊಳವೆ, ಅದಕ್ಕೆ ಇಕ್ಕಳದಿಂದ ಎರಡು ಒತ್ತು, ಎರಡೂ ಒಂದೇ ಆಳ. ಮೇಲೆ ಕಾಯಿಸಿದರೆ ಬಿಗಿಯುವ ಅಂಟಿನ ಸ್ಲೀವು, ಒಂದಲ್ಲ, ಎರಡು ಪದರ. ಮೂರು ಮಳೆಗಾಲ ತಾರಸಿಯ ಮೇಲೆ ಕಳೆದ ಆ ಗಂಟುಗಳೊಳಗೆ ಒಂದು ತೊಟ್ಟು ನೀರು ಹೊಕ್ಕಿರಲಿಲ್ಲ. ತಾಮ್ರ ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು. ಯಾರೂ ನೋಡದ ಜಾಗದಲ್ಲಿ, ಯಾರೂ ನೋಡಲಾರದ ಕತ್ತಲಲ್ಲಿ, ಯಾರೋ ಇಷ್ಟು ಅಂದವಾಗಿ ಕೆಲಸ ಮಾಡಿಟ್ಟು ಸುಮ್ಮನೆ ಇಳಿದುಹೋಗಿದ್ದರು.

ಅಂಥ ಕೈ ಹದಿನೈದು ಎಳೆ ಕಡಿಯುವುದುಂಟೆ?

ಮೇಲಧಿಕಾರಿಗೆ ಈ ಮಾತು ರುಚಿಸಲಿಲ್ಲ. ಕೆಲಸ ಮಾಡಿದವನೇ ಎಲ್ಲ ಗಂಟೂ ತನ್ನದೆಂದು ಬರೆದುಕೊಟ್ಟಿರುವಾಗ ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದು ಫೋನಿನಲ್ಲಿ ಕೇಳಿದರು. ಸಂಜೆ ಐದಕ್ಕೆ ವರದಿ ಮೇಜಿನ ಮೇಲಿರಬೇಕು. ಐದೂಕಾಲಿಗೆ ಪೊಲೀಸರು ಅವನ ಮನೆಗೆ ಹೋಗುತ್ತಾರೆ.

ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ಅವಳು ಸುಟ್ಟ ಗಂಟನ್ನೂ, ಬಿಚ್ಚಿದವನ್ನೂ, ಬಿಚ್ಚದೆ ಉಳಿದ ಎಂಟನ್ನೂ ಪೆಟ್ಟಿಗೆಗೆ ಹಾಕಿಕೊಂಡು ಹೊರಟಳು.

*

ಅವನನ್ನು ಊರೆಲ್ಲ ಗಂಟಣ್ಣ ಅನ್ನುತ್ತಿತ್ತು. ಎಲ್ಲರೂ ಜಾಯಿಂಟ್ ಅಂದರೆ ಅವನೊಬ್ಬ ಗಂಟು ಅನ್ನುತ್ತಿದ್ದ, ಅದಕ್ಕೆ. ಹೆಸರಿಗಷ್ಟೇ ಗಂಟು, ಮುಖ ಮಾತ್ರ ಯಾವಾಗಲೂ ಬಿಚ್ಚಿಕೊಂಡಿರುತ್ತಿತ್ತು. ಅರವತ್ತೆರಡರ ಆಳು, ಅಗಲ ಹೆಗಲು, ಬೆರಳುಗಳು ಮಾತ್ರ ಹೊಲಿಗೆಯವರ ಬೆರಳಿನಂತೆ ಉದ್ದ.

ಮನೆಯ ಮುಂದಿನ ಕೋಣೆಯೇ ವರ್ಕ್‌ಶಾಪು. ಗೋಡೆಗೆ ಹೊಡೆದ ಹಲಗೆಯಲ್ಲಿ ಒಂದೊಂದು ಉಪಕರಣಕ್ಕೂ ಒಂದೊಂದು ಮೊಳೆ. ಇಕ್ಕಳ, ಕಟಿಂಗ್ ಪ್ಲೇಯರ್, ಹೀಟ್ ಗನ್, ಬ್ರಷ್ಷು, ಎಲ್ಲವೂ ಸಾಲಾಗಿ ತೂಗುತ್ತಿದ್ದವು. ನೆಲದ ಮೇಲೆ ಒಂದು ತಂತಿಯ ಚೂರಿಲ್ಲ. ಕುರ್ಚಿಗಳು ಗೋಡೆಗೆ ಒತ್ತಿ ನಿಂತಿದ್ದವು. ಇಷ್ಟು ಒಪ್ಪವಾದ ವರ್ಕ್‌ಶಾಪನ್ನು ತಾನು ಕಂಡಿಲ್ಲವೆಂದು ತನಿಖಾಧಿಕಾರಿಗೆ ಅನ್ನಿಸಿತು. ಯಾಕೆ ಇಷ್ಟು ಒಪ್ಪ ಎಂದು ಮಾತ್ರ ಆಗ ಹೊಳೆಯಲಿಲ್ಲ.

ಮಗಳು ಬೆಂಚಿನ ಹತ್ತಿರ ನಿಂತಿದ್ದಳು. ಇಪ್ಪತ್ತಾರು ಇಪ್ಪತ್ತೇಳಿರಬೇಕು, ಅಪ್ಪನದೇ ಬೆರಳು. ಗಂಟಣ್ಣನ ಹೆಂಡತಿ ಒಳಬಾಗಿಲಲ್ಲಿ ಕಾಣಿಸಿಕೊಂಡು ಚಹಾ ತರಲು ಹೋದಳು.

ತನಿಖಾಧಿಕಾರಿ ಸುತ್ತಿ ಬಳಸದೆ ಬಂದ ವಿಷಯ ಹೇಳಿದಳು. ಸುಟ್ಟದ್ದು ಬೇರೆ ಕೈಯ ಕೆಲಸ, ಉಳಿದವು ನಿಮ್ಮವು. ಆ ಬೇರೆ ಕೈ ಯಾರದೆಂದು ನಿಮಗೆ ಗೊತ್ತಿದ್ದೂ ಮುಚ್ಚಿಡುತ್ತಿದ್ದೀರಿ. ಯಾರನ್ನು ಉಳಿಸಲು ಹೊರಟಿದ್ದೀರೋ ಹೇಳಿಬಿಡಿ, ಸಂಜೆಯೊಳಗೆ ನಿಮ್ಮನ್ನು ನಾನು ಉಳಿಸುತ್ತೇನೆ.

ಗಂಟಣ್ಣ ಸಮಾಧಾನದಿಂದ ಕೇಳಿಸಿಕೊಂಡ. ಆಮೇಲೆ ಕೈ ಚಾಚಿ, ಸುಟ್ಟ ಗಂಟನ್ನು ಕೊಡಿ ಎಂದ. ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಒಮ್ಮೆ ಸವರಿದ.

"ನಂದೇ ಮೇಡಂ. ಇದೂ ನಂದೇ, ಉಳಿದವೂ ನಂದೇ. ಹಾಗೇ ಬರ್ಕೊಳ್ಳಿ."

ಇಷ್ಟು ಒಳ್ಳೆಯ ಕೈ ಇಷ್ಟು ಕೆಟ್ಟ ಗಂಟು ಹಾಕುವುದಿಲ್ಲ ಎಂದು ಅವಳು ಪಟ್ಟು ಹಿಡಿದಳು. ಆನೆ ನಡೆಯುವಾಗಲೂ ಎಡವುತ್ತದೆ ಎಂದು ಅವನು ನಕ್ಕ. ಒಂದೆರಡು ಎಳೆಯಾದರೆ ಎಡವಿದ್ದು ಅನ್ನಬಹುದು, ಹದಿನೈದು ಎಳೆ ಅಂದರೆ ಕಾಲೇ ಇಲ್ಲದ್ದು ಎಂದಳು ಅವಳು. ಮಗಳು ಬೆಂಚಿನ ಅಂಚು ಹಿಡಿದು ಅಪ್ಪನನ್ನೇ ನೋಡುತ್ತಿದ್ದಳು.

ಕೊನೆಗೆ ತನಿಖಾಧಿಕಾರಿ ಪೆಟ್ಟಿಗೆಯಿಂದ ಅದೇ ಜಾತಿಯ ಹೊಸ ಕೇಬಲ್ಲಿನ ಒಂದು ತುಂಡು ತೆಗೆದು ಅವನ ಮುಂದಿಟ್ಟಳು. ಸುಲಿದು ತೋರಿಸಿ ಎಂದಳು. ಐವತ್ತಾರು ಎಳೆ ಕಣ್ಣೆದುರು ಬಂದರೆ ತನ್ನ ಮಾತು ಸಾಬೀತಾಗುತ್ತದೆ, ಆ ಕೈಯೇ ಅವನ ಪರ ಸಾಕ್ಷಿ ಹೇಳುತ್ತದೆ ಎಂದು ಅವಳ ಲೆಕ್ಕ.

"ಬೇಡ ಮೇಡಂ" ಅಂದಳು ಮಗಳು.

ಗಂಟಣ್ಣ ಆಗಲೇ ಎದ್ದಿದ್ದ. ಎರಡು ಹೆಜ್ಜೆ ನಡೆದು, ಕೈ ಎತ್ತಿ, ಸರಿಯಾಗಿ ಅದೇ ಮೊಳೆಯಿಂದ ಚಾಕು ತೆಗೆದ. ಕೇಬಲ್ಲನ್ನು ಬೆರಳ ಸುತ್ತ ಬಾಗಿಸಿ, ಹೊದಿಕೆಯ ಮೇಲೆ ಚಾಕು ಒತ್ತಿ ಒಂದು ಸುತ್ತು ತಿರುಗಿಸಿದ. ಕೈಯಲ್ಲಿ ನಡುಕವಿಲ್ಲ. ನೋಡಲು ಎತ್ತಿದ ಕೈಯೇ. ಕರಿ ಹೊದಿಕೆ ಜಾರಿತು, ತಾಮ್ರ ಮಿಂಚಿತು.

ಮಿಂಚಿದ ತಾಮ್ರದ ಜೊತೆ ಬೆಂಚಿನ ಮೇಲೆ ಕೆಂಪು ಕೂದಲಿನಂಥ ಚೂರುಗಳೂ ಉದುರಿದವು.

ತನಿಖಾಧಿಕಾರಿ ಬಗ್ಗಿ ಎಣಿಸಿದಳು. ಹನ್ನೊಂದು ಎಳೆ ಕಡಿದಿದ್ದವು.

ಗಂಟಣ್ಣನಿಗೆ ಚೂರು ಬಿದ್ದದ್ದು ತಿಳಿದಿರಲಿಲ್ಲ. ಅವನು ಕಿಟಕಿಯ ಕಡೆ ಮುಖ ಮಾಡಿ, ಸುಲಿದ ತುದಿಯನ್ನು ಅವಳತ್ತ ಹಿಡಿದು ಕಾಯುತ್ತಿದ್ದ. ಹಿಡಿದದ್ದು ಅವಳು ಈಗ ಬಗ್ಗಿ ನಿಂತಿದ್ದ ಕಡೆಗಲ್ಲ, ಅವಳು ಕೊನೆಯ ಸಲ ಮಾತಾಡಿದ ಕಡೆಗೆ.

ಅವಳು ತಲೆಯೆತ್ತಿ ಕೋಣೆಯನ್ನು ಮತ್ತೆ ನೋಡಿದಳು. ಒಂದೊಂದು ಉಪಕರಣಕ್ಕೂ ಒಂದೊಂದು ಮೊಳೆ. ಗೋಡೆಗೊತ್ತಿದ ಕುರ್ಚಿಗಳು. ಕಾಲಿಗೆ ಏನೂ ಸಿಗದ ನೆಲ. ಒಪ್ಪ ಓರಣದ ಅರ್ಥ ಈಗ ಹೊಳೆಯಿತು. ಅವನ ನಿರಪರಾಧಿತ್ವ ತೋರಿಸಲು ಬಂದವಳು ತನ್ನ ಕೈಯಾರೆ ಅವನ ತಪ್ಪನ್ನು ಬೆಂಚಿನ ಮೇಲೆ ಉದುರಿಸಿದ್ದಳು.

"ಕಣ್ಣು ಕಾಣ್ದೆ ಎಷ್ಟು ದಿನ ಆಯ್ತು ಗಂಟಣ್ಣ?"

ಉತ್ತರ ಬಂದದ್ದು ಒಳಬಾಗಿಲಿಂದ. ಚಹಾದ ಲೋಟ ಹಿಡಿದು ನಿಂತ ಹೆಂಡತಿ, ನಾಲ್ಕು ವರ್ಷ ಎಂದಳು. ನಡುವೆ ಮಂಜು, ಅಂಚಿನಲ್ಲಿ ಒಂದಿಷ್ಟು ಬೆಳಕು. ದಾರಿ ಕಾಣುತ್ತದೆ, ಜನರ ಆಕಾರ ಕಾಣುತ್ತದೆ, ಎಳೆ ಕಾಣುವುದಿಲ್ಲ. ಡಾಕ್ಟರು ಇನ್ನು ಏನೂ ಮಾಡಲಾಗದು ಎಂದಿದ್ದಾರೆ. ಇಷ್ಟು ಹೇಳಿ ಲೋಟವನ್ನು ಗಂಡನ ಬೆರಳಿಗೆ ತಾಗಿಸಿ ಕೊಟ್ಟಳು.

ನಾಲ್ಕು ವರ್ಷ. ಭಂಡಾರದ ಮೇಲೆ ಪ್ಯಾನೆಲ್ ಕೂರಿಸಿದ್ದು ಮೂರು ವರ್ಷದ ಹಿಂದೆ.

ತನಿಖಾಧಿಕಾರಿ ಮಗಳ ಕಡೆ ತಿರುಗಿದಳು. ಹನ್ನೊಂದು ಎಳೆ ಕಡಿದ ಆ ಕೇಬಲ್ಲನ್ನು ತಿರುಗಿಸಿ, ಇನ್ನೊಂದು ತುದಿಯನ್ನು ಅವಳ ಮುಂದೆ ಇಟ್ಟಳು.

ಗಂಟಣ್ಣ ಮಗಳ ಹೆಸರು ಹಿಡಿದು ಗದರಿದ. ಸುಮ್ಮನಿರು ಅಂದ. ಅವಳು ಸುಮ್ಮನೇ ಇದ್ದಳು, ಕೈ ಮಾತ್ರ ಸುಮ್ಮನಿರಲಿಲ್ಲ.

ಚಾಕು ಹೊದಿಕೆಯ ಮುಕ್ಕಾಲು ದಪ್ಪಕ್ಕೆ ಇಳಿದು ನಿಂತಿತು, ಕೊನೆಯ ಕಾಲು ಭಾಗವನ್ನು ಅವಳು ಬಾಗಿಸಿಯೇ ಸೀಳಿದಳು. ಲೋಹಕ್ಕೆ ಲೋಹ ತಾಗಲೇ ಇಲ್ಲ. ಬೆಂಚಿನಡಿಯಿಂದ ಇನ್ನೊಂದು ತುಂಡು ತೆಗೆದು ಅದನ್ನೂ ಹಾಗೇ ಸುಲಿದಳು. ಬ್ರಷ್ಷಿನಿಂದ ಎಳೆಗಳನ್ನು ಸವರಿ, ಬೀಸಣಿಗೆಯಂತೆ ಬಿಡಿಸಿ, ಎರಡು ತುದಿಯನ್ನು ಎದುರುಬದುರು ತಂದು ಒಂದರೊಳಗೊಂದು ಹೊಗಿಸಿದಳು. ಕೊಳವೆ ಜಾರಿಸಿ, ಇಕ್ಕಳದ ಸರಿಯಾದ ಬಾಯಿಗೆ ಕೊಟ್ಟು, ಎರಡು ಒತ್ತು ಒತ್ತಿದಳು. ಆಮೇಲೆ ಕೇಬಲ್ಲಿನ ಒಂದು ಬದಿಯನ್ನು ಬೆಂಚಿನ ಕಾಲಿಗೆ ಸುತ್ತಿ, ಇನ್ನೊಂದನ್ನು ಕೈಗೆ ಸುತ್ತಿಕೊಂಡು, ಇಡೀ ಮೈಭಾರ ಹಾಕಿ ಹಿಂದಕ್ಕೆ ಜಗ್ಗಿದಳು. ಬೆಂಚು ನೆಲದ ಮೇಲೆ ಒಂದು ಗೇಣು ಜರುಗಿತು. ಗಂಟು ಜರುಗಲಿಲ್ಲ.

ಸ್ಲೀವಿಗೆ ಬಿಸಿಗಾಳಿ ಹಿಡಿದಾಗ ಅಂಟು ಎರಡು ಅಂಚಿನಿಂದ ಮಣಿಯಂತೆ ಉಕ್ಕಿತು. ಅಷ್ಟು ಬಂದರೆ ನೀರು ಹೋಗುವುದಿಲ್ಲ ಎಂದು ಮೊದಲ ಸಲ ಬಾಯಿ ಬಿಟ್ಟು ಹೇಳಿದಳು. ಎರಡನೇ ಪದರವನ್ನೂ ಹಾಕಿ ಮುಗಿಸಲು ನಾಲ್ಕು ನಿಮಿಷ ಸಾಕಾಯಿತು.

ಹದಿನೇಳು ವರ್ಷದಲ್ಲಿ ಸಾವಿರ ಜಾಯಿಂಟುಗಳ ಹೆಣ ಕೊಯ್ದ ತನಿಖಾಧಿಕಾರಿ, ಒಂದು ಜಾಯಿಂಟು ಹುಟ್ಟುವುದನ್ನು ಕಂಡದ್ದು ಅದೇ ಮೊದಲು. ಅವಳು ಅದನ್ನು ಕೈಗೆತ್ತಿಕೊಂಡಳು. ಇನ್ನೂ ಬೆಚ್ಚಗಿತ್ತು. ತೊಡೆಯ ಮೇಲಿಟ್ಟುಕೊಂಡು ಕೂತಳು.

"ತಾರಸಿ ಮೇಲಿನ ತೊಂಬತ್ನಾಲ್ಕೂ ನಂದು ಮೇಡಂ" ಅಂದಳು ಮಗಳು. "ನಂಗೆ ಲೈಸೆನ್ಸ್ ಇಲ್ಲ. ಪರೀಕ್ಷೆ ಬರೆದಿದೀನಿ, ಮುಂದಿನ ವಾರ ರಿಸಲ್ಟು. ನೀವು ಬರ್ಕೊಂಡ್ರೆ ಲೈಸೆನ್ಸು ಬರಲ್ಲ ಅಂತ ಗೊತ್ತು. ಬರ್ಕೊಳ್ಳಿ."

*

ಆಮೇಲೆ ಗಂಟಣ್ಣ ತಾನಾಗಿ ಎಲ್ಲ ಹೇಳಿದ. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

ಪ್ಯಾನೆಲ್‌ಗಳು ಮುಚ್ಚಿಹೋದ ಕಾರ್ಖಾನೆಯೊಂದರಿಂದ ಬಿಚ್ಚಿ ಭಂಡಾರಕ್ಕೆ ದಾನವಾಗಿ ಬಂದಿದ್ದವು. ಒಟ್ಟು ನಲವತ್ತೇಳು. ಬಿಚ್ಚಿದವರು ಆತುರಕ್ಕೆ ಕನೆಕ್ಟರುಗಳನ್ನೆಲ್ಲ ಕತ್ತರಿಸಿ ಎಸೆದಿದ್ದರಿಂದ ಪ್ರತಿ ಪ್ಯಾನೆಲ್ಲಿನ ಎರಡೂ ತಂತಿಗೆ ಕೈಯಲ್ಲೇ ಗಂಟು ಹಾಕಬೇಕಾಯಿತು. ಲೈಸೆನ್ಸು ಅಪ್ಪನದು, ಕೈ ಮಗಳದು. ಅವನು ತಾರಸಿಯ ನೆರಳಲ್ಲಿ ಕೂತು, ಮುಗಿದ ಗಂಟನ್ನು ಜಗ್ಗಿ ನೋಡಿ ಸೈ ಅನ್ನುತ್ತಿದ್ದ.

ಬೆಂಕಿಗೆ ಆರು ವಾರ ಮುಂಚೆ ಒಂದು ಬೆಳಿಗ್ಗೆ ಬೀಜಕ್ಕನ ಫೋನು ಬಂತು. ಪ್ಯಾನೆಲ್ಲಿನ ಕರೆಂಟಿನಲ್ಲಿ ನಡೆಯುವ ತಂಪು ಕೋಣೆ ಬೆಚ್ಚಗಾಗುತ್ತಿದೆ, ಹೀಗೇ ಬಿಟ್ಟರೆ ಸಂಜೆಯೊಳಗೆ ಮೂವತ್ತು ವರ್ಷದ ಬೀಜ ಸತ್ತುಹೋಗುತ್ತದೆ ಎಂದಳು. ಮಗಳು ಪರೀಕ್ಷೆಯ ಹಾಲಿನಲ್ಲಿದ್ದಳು, ಫೋನು ಆಫ್. ಗಂಟಣ್ಣ ಒಬ್ಬನೇ ಹೋದ. ತಾರಸಿಯಲ್ಲಿ ತಡವಿದಾಗ ಒಂದು ತಂತಿ ತುಂಡಾಗಿದ್ದದ್ದು ಕೈಗೆ ಸಿಕ್ಕಿತು. ನಲವತ್ತು ವರ್ಷ ಮಾಡಿದ ಕೆಲಸ, ಕಣ್ಣಿಲ್ಲದಿದ್ದರೇನು, ಕೈಗೆ ನೆನಪಿದೆ ಎಂದುಕೊಂಡ. ಗಂಟು ಹಾಕಿದ, ಜಗ್ಗಿದ, ನಿಂತಿತು. ತಂಪು ಮರಳಿತು. ಬೀಜಕ್ಕ ಅವನ ಕೈ ಹಿಡಿದು ಅತ್ತಳಂತೆ.

"ಆ ಕೈ ಇವತ್ತು ಪಟ್ಟಿಯೊಳಗಿದೆ" ಅಂದ ಗಂಟಣ್ಣ. "ಮಗಳಿಗೂ ಹೇಳ್ಲಿಲ್ಲ ನಾನು. ಇನ್ನೂ ಬರುತ್ತೆ ನಂಗೆ ಅಂತ ಒಂದು ಹಮ್ಮು. ಅಷ್ಟೇ ಮೇಡಂ ನನ್ನ ಅಪರಾಧ."

ಹೆಂಡತಿ ಸೆರಗಿನಲ್ಲಿ ಬೆಂಚಿನ ಮೇಲಿನ ತಾಮ್ರದ ಚೂರುಗಳನ್ನು ಒರೆಸಿ ತೆಗೆದಳು.

ತನಿಖಾಧಿಕಾರಿ ಮೆಲ್ಲಗೆ ಒಂದು ಪ್ರಶ್ನೆ ಕೇಳಿದಳು. ಅವತ್ತು ತಂತಿ ಯಾಕೆ ತುಂಡಾಗಿತ್ತು? ಇಲಿಯೋ, ಹಕ್ಕಿಯೋ, ಬಿಸಿಲಿಗೆ ಸೀಳಿತ್ತೋ?

ಗಂಟಣ್ಣ ಆ ತುದಿಗಳನ್ನು ಮನಸ್ಸಿನಲ್ಲೇ ಮತ್ತೆ ಸವರಿ ನೋಡುವವನಂತೆ ಬೆರಳಾಡಿಸಿದ. ಇಲಿ ಕಡಿದರೆ ತರಿತರಿ ಇರುತ್ತದೆ, ಬಿಸಿಲಿಗೆ ಸೀಳಿದರೆ ಸಿಪ್ಪೆ ಏಳುತ್ತದೆ. ಅದು ಎರಡೂ ಆಗಿರಲಿಲ್ಲ. ಬೆಣ್ಣೆ ಕೊಯ್ದ ಹಾಗಿತ್ತು. ಪ್ಲೇಯರಿನ ಒಂದೇ ಏಟು.

ಹಾಗಾದರೆ ಬೆಂಕಿಗೆ ಆರು ವಾರ ಮುಂಚೆ ಯಾರೋ ತಾರಸಿ ಹತ್ತಿದ್ದರು. ತಂತಿ ಕಡಿಯಲಿಕ್ಕೇ ಹತ್ತಿದ್ದರು.

ಅವಳು ನೋಟ್‌ಬುಕ್ಕು ತೆಗೆದಳು. ಮೊದಲ ದಿನವೇ ತಾರಸಿಯ ಗಂಟುಗಳನ್ನು ಒಂದೂ ಬಿಡದೆ ಎಣಿಸಿ ಬರೆದಿಟ್ಟಿದ್ದಳು. ಒಟ್ಟು ತೊಂಬತ್ತಾರು. ಮಗಳವು ತೊಂಬತ್ನಾಲ್ಕು, ಅಪ್ಪನದು ಒಂದು. ಅಲ್ಲಿಗೆ ತೊಂಬತ್ತೈದು.

ಮಗಳು ಒಪ್ಪಲಿಲ್ಲ, ನಿಮ್ಮ ಎಣಿಕೆ ತಪ್ಪಿರಬೇಕು ಎಂದಳು. ಮೂರು ತಿಂಗಳಿಗೊಮ್ಮೆ ತಾನು ತಾರಸಿ ಹತ್ತಿ ಒಂದೊಂದನ್ನೂ ಮುಟ್ಟಿ ನೋಡುತ್ತೇನೆ, ಬಿಸಿಯಾಗಿದೆಯಾ ಅಂತ. ಹೋದ ಸಲ ನೋಡಿದ್ದು ಸರಿಯಾಗಿ ಎರಡು ತಿಂಗಳ ಹಿಂದೆ, ಅವತ್ತು ತೊಂಬತ್ನಾಲ್ಕೇ ಇದ್ದವು.

ತಪ್ಪಿಲ್ಲ ಎಂದಳು ತನಿಖಾಧಿಕಾರಿ. ಮೂರು ಸಲ ಎಣಿಸಿದ್ದೆ.

ಪೆಟ್ಟಿಗೆಯಲ್ಲಿ ಬಿಚ್ಚದ ಎಂಟು ಗಂಟುಗಳಿದ್ದವು. ಅವನ್ನು ಬೆಂಚಿನ ಮೇಲೆ ಸುರಿದಾಗ ಮಗಳು ಭೂತಗನ್ನಡಿ ಬೇಡವೆಂದು ಪಕ್ಕಕ್ಕೆ ಸರಿಸಿದಳು. ಒಂದೊಂದನ್ನೇ ಬೆರಳ ನಡುವೆ ಉರುಳಿಸಿ ಬದಿಗಿಟ್ಟಳು. ನಂದು. ನಂದು. ಇದೂ ನಂದು. ಅಕ್ಕಿ ಆರಿಸುವವರಷ್ಟು ಬೇಗ. ಆರನೆಯದಕ್ಕೆ ಬಂದಾಗ ಬೆರಳು ನಿಂತಿತು.

ಅದರಲ್ಲಿ ಉಬ್ಬೇ ಇರಲಿಲ್ಲ. ಸ್ಲೀವಿನ ಅಂಚು ಕಾಣದಿದ್ದರೆ ಅಲ್ಲಿ ಗಂಟಿದೆ ಅಂತಲೇ ತಿಳಿಯುತ್ತಿರಲಿಲ್ಲ.

ಅವಳು ಚಾಕುವಿನ ತುದಿಯಿಂದ ಸ್ಲೀವನ್ನು ಉದ್ದಕ್ಕೆ ಸೀಳಿ ತೆರೆದಳು. ಇಬ್ಬರೂ ತಲೆಗೆ ತಲೆ ತಾಗುವಂತೆ ಬಗ್ಗಿ ನೋಡಿದರು.

ಒಳಗೆ ಕೊಳವೆ ಇರಲಿಲ್ಲ. ಒತ್ತಿನ ಗುರುತಿಲ್ಲ. ಐವತ್ತಾರು ಎಳೆಗಳನ್ನು ಎಂಟೆಂಟರಂತೆ ಏಳು ಕಟ್ಟು ಮಾಡಿ, ಒಂದು ಕಟ್ಟು ಮುಗಿದ ಕಡೆಯಿಂದ ಇನ್ನೊಂದು ಕಟ್ಟು ಹೊರಡುವಂತೆ ಸುತ್ತಿದ್ದರು. ಸುತ್ತಿನ ಮೇಲೆ ಸುತ್ತಿಲ್ಲ, ಸುತ್ತಿನ ನಡುವೆ ಸಂದಿಲ್ಲ. ಬೆಸುಗೆಯ ತವರ ಎಳೆಗಳ ಆಳಕ್ಕೆ ಇಳಿದಿತ್ತು, ಮೇಲೆ ಒಂದು ಹನಿ ನಿಂತಿರಲಿಲ್ಲ. ಕಡಿದ ತಂತಿಯನ್ನು ಜೋಡಿಸಿದ್ದು ಅನ್ನುವುದಕ್ಕಿಂತ, ತಂತಿ ತಾನೇ ಬೆಳೆದು ಕೂಡಿಕೊಂಡಿತು ಅನ್ನಬೇಕು.

ತನಿಖಾಧಿಕಾರಿ ಮೀಟರು ಹಚ್ಚಿದಳು. ಗಂಟಿಲ್ಲದ ತುಂಡಿಗೂ ಗಂಟಿನ ತುಂಡಿಗೂ ಮುಳ್ಳು ಒಂದೇ ಕಡೆ ನಿಂತಿತು. ಇನ್ನೊಮ್ಮೆ ಹಚ್ಚಿದಳು. ಮುಳ್ಳು ಕದಲಲಿಲ್ಲ.

"ಇದು ನನ್ನ ಕೈ ಅಲ್ಲ" ಅಂದಳು ಮಗಳು. ದನಿ ಇಳಿದಿತ್ತು. "ನಂಗೆ ಇದು ಬರಲ್ಲ ಮೇಡಂ. ಇನ್ನು ಇಪ್ಪತ್ತು ವರ್ಷ ಮಾಡಿದ್ರೂ ಬರಲ್ಲ."

ಬೆಂಕಿ ಹಾಕಲು ಬಂದವನು, ತಂತಿ ಕಡಿಯಲು ಬಂದವನು, ಇಂಥದ್ದೊಂದನ್ನು ಕಟ್ಟಿಟ್ಟು ಹೋಗುತ್ತಾನೆಯೇ? ತನಿಖಾಧಿಕಾರಿಗೆ ಬುಡವೂ ಸಿಗಲಿಲ್ಲ, ತುದಿಯೂ ಸಿಗಲಿಲ್ಲ. ಅನುಮಾನಪಡಬೇಕಾದ ಹೊತ್ತಿನಲ್ಲಿ ಅವಳಿಗೆ ಕೈ ಮುಗಿಯಬೇಕು ಅನ್ನಿಸುತ್ತಿತ್ತು.

"ಇಲ್ಲಿ ಕೊಡು" ಅಂದ ಗಂಟಣ್ಣ.

ಮಗಳು ಅದನ್ನು ಅಪ್ಪನ ಅಂಗೈಯಲ್ಲಿಟ್ಟಳು. ಅವನು ಕಣ್ಣು ಮುಚ್ಚಿದ, ಇದ್ದ ಒಂದಿಷ್ಟು ಬೆಳಕೂ ಬೇಡವೆಂಬಂತೆ. ಹೆಬ್ಬೆರಳಿನ ಉಗುರು ಸುತ್ತಿನಿಂದ ಸುತ್ತಿಗೆ ಇಳಿಯಿತು. ಒಂದು, ಎರಡು, ಮೂರು. ನಾಲ್ಕನೇ ಕಟ್ಟಿನ ಹತ್ತಿರ ನಿಂತು, ಹಿಂದೆ ಹೋಗಿ, ಮತ್ತೆ ಅಲ್ಲಿಗೇ ಬಂತು.

ಇಲ್ಲಿ ಮೂರನೇ ತಂತಿ ಇದೆ ಎಂದ.

ತನಿಖಾಧಿಕಾರಿ ಭೂತಗನ್ನಡಿ ಹಿಡಿದಳು. ಗಂಟಿನ ನಟ್ಟನಡುವಿಂದ, ಕೂದಲೆಳೆಗಿಂತ ತುಸು ದಪ್ಪನೆಯ, ಕಪ್ಪು ಮೆರುಗು ಹಚ್ಚಿದ ತಂತಿಯೊಂದು ಹೊರಟು, ಕೇಬಲ್ಲಿಗೆ ಅಂಟಿಕೊಂಡೇ ಸಾಗಿ, ಅವಳು ಕತ್ತರಿಸಿದ ಜಾಗದಲ್ಲಿ ಮುಗಿದಿತ್ತು. ಮೂರು ದಿನ ಮೇಜಿನ ಮೇಲಿದ್ದರೂ ಅವಳ ಎರಡು ಕಣ್ಣಿಗೆ ಅದು ಕಂಡಿರಲಿಲ್ಲ.

ಗಂಟಣ್ಣನ ಮುಖದ ಬಣ್ಣ ಇಳಿಯುತ್ತಿತ್ತು. ಹೆಂಡತಿ ಓಡಿ ಬಂದು ಭುಜ ಹಿಡಿದಳು. ಅವನು ಸ್ಟೂಲಿನ ಮೇಲೆ ಕೂತು, ಯಾರಿಗೋ ಹೇಳುವಂತೆ ಹೇಳಿದ.

ಅವನಿಗೆ ಈ ವಿದ್ಯೆ ಕೈ ಹಿಡಿದು ಕಲಿಸಿದ್ದು ಅವನ ಅಣ್ಣ. ಟೆಲಿಫೋನ್ ಕೇಬಲ್ಲಿನ ಕಾಲದಿಂದ ಗಂಟು ಹಾಕಿದವನು. ಏಳು ಕಟ್ಟಿನ ಈ ಸುತ್ತು ಅಣ್ಣನೇ ಹುಟ್ಟಿಸಿದ್ದು. ತಮ್ಮನಿಗೆ ಕಲಿಸಲು ವರ್ಷಗಟ್ಟಲೆ ಹೆಣಗಿದ, ಬರಲಿಲ್ಲ. ಬೇರೆ ಯಾರಿಗೂ ಕಲಿಸಲಿಲ್ಲ. ಅವನಿಗೆ ಒಂದು ಅಭ್ಯಾಸವಿತ್ತು. ಮುಖ್ಯವಾದ ಗಂಟು ಹಾಕಿದಾಗಲೆಲ್ಲ ನಡುವಿಂದ ಇನ್ನೊಂದು ಸಣ್ಣ ತಂತಿ ಬಿಡುತ್ತಿದ್ದ. ಅದರ ತುದಿಯನ್ನು ತಾನು ಕೂರುವ ಕಡೆ ಒಯ್ದು ಮೀಟರಿಗೆ ಕೊಟ್ಟು, ದೂರದಿಂದಲೇ ಗಂಟಿನ ನಾಡಿ ನೋಡುತ್ತಿದ್ದ. ಗಂಟು ಹಾಕಿದವನು ಅದನ್ನು ಒಂಟಿ ಬಿಟ್ಟು ಹೋಗಬಾರದು ಅನ್ನುತ್ತಿದ್ದ.

"ದೊಡ್ಡಪ್ಪ ಹೋಗಿ ಎಂಟು ವರ್ಷ ಆಯ್ತಲ್ಲಪ್ಪ" ಅಂದಳು ಮಗಳು.

"ಹೌದು. ಅವ್ನು ಕೆಲಸಕ್ಕಿದ್ದ ಕಾರ್ಖಾನೆಯವರು ಹೆಣದ ಪೆಟ್ಟಿಗೆ ಕಳಿಸಿದ್ರು. ಒಳಗೆ ನೋಡೋ ಹಾಗಿಲ್ಲ, ತೆರೀಬೇಡಿ ಅಂದ್ರು. ತೆರೀದೇ ಮಣ್ಣು ಮಾಡಿದ್ವಿ." ಅವನು ಗಂಟನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದ. "ಆದ್ರೆ ಈ ಕೈ ನಂಗೆ ಗೊತ್ತು ಮೇಡಂ. ಇದು ನಮ್ಮಣ್ಣನ ಕೈ."

ಎರಡು ತಿಂಗಳ ಹಿಂದೆ ಅಲ್ಲಿ ಇಲ್ಲದಿದ್ದ ಗಂಟು ಅದು.

ತನಿಖಾಧಿಕಾರಿ ಎದ್ದು ಕಿಟಕಿಯ ಹತ್ತಿರ ಹೋಗಿ ಭಂಡಾರದ ಕಾವಲುಗಾರನಿಗೆ ಫೋನು ಹಚ್ಚಿದಳು. ತಾರಸಿಗೆ ಹೋಗು, ಗಂಟು ಕತ್ತರಿಸಿ ನಾನು ಸೀಮೆಸುಣ್ಣದಲ್ಲಿ ಹದಿನೆಂಟು ಅಂತ ಬರೆದ ಜಾಗದಲ್ಲಿ ಒಂದು ಕಪ್ಪು ಎಳೆ ಇದೆಯಾ ನೋಡು ಎಂದಳು. ಅವನು ಏದುಸಿರು ಬಿಡುತ್ತ ಏಣಿ ಹತ್ತುವುದು ಕೇಳಿಸಿತು. ಸ್ವಲ್ಪ ಹೊತ್ತು ಹುಡುಕಿ, ಇದೆ ಎಂದ. ಕೂದಲಿನ ಹಾಗೆ ಸಣ್ಣದು, ಚೌಕಟ್ಟಿನ ಅಡಿಯಲ್ಲಿ ಹೋಗಿ ಪೈಪಿನೊಳಗೆ ಇಳಿದಿದೆ.

ಪೈಪು ಎಲ್ಲಿಗೆ ಹೋಗುತ್ತದೆಂದು ಕೇಳಿದಳು. ಕೆಳಗಿನ ತಂಪು ಕೋಣೆಗೆ, ಅಲ್ಲಿಂದ ನೆಲಮಾಳಿಗೆಗೆ ಎಂದ. ಒಳಗೆ ಯಾರಾದರೂ ಇದ್ದಾರಾ ಎಂದು ಕೇಳಿದಳು. ಕಾವಲುಗಾರನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಬೆಂಕಿಯ ಮರುದಿನ ನೀವೇ ಸೀಲು ಹಾಕಿಸಿದ್ದಲ್ಲವೇ, ಬೀಗದ ಕೈ ಆವತ್ತಿಂದ ನನ್ನ ಸೊಂಟದಲ್ಲೇ ಇದೆ ಎಂದ.

ಹಾಗಾದರೆ ಆ ತಂತಿ ಮುಟ್ಟದೆ, ಅಲ್ಲೇ ನಿಂತಿರು ಎಂದಳು.

ಫೋನಿನಲ್ಲಿ ಗಾಳಿಯ ಸದ್ದು ಮಾತ್ರ ಇತ್ತು. ಅವಳು ಎರಡು ಸಲ ಕರೆದಳು. ಮತ್ತೆ ದನಿ ಬಂದಾಗ ಅವನು ಪಿಸುಗುಡುತ್ತಿದ್ದ.

"ನಾನು ಮುಟ್ಟಿಲ್ಲ ಮೇಡಂ. ತಂತಿ ತಾನಾಗೇ ಪೈಪಿನೊಳಗೆ ಹೋಗ್ತಾ ಇದೆ. ಕೆಳಗಿಂದ ಯಾರೋ ಮೆಲ್ಲಗೆ ಎಳ್ಕೊಳ್ತಾ ಇದಾರೆ."